ಅಪ್ಪನ ಜೀಪಿಗೆ ಚಿಕ್ಕ ಇಂಜಿನ್ನೋ ದೊಡ್ಡ ಇಂಜಿನ್ನೋ

ಅಪ್ಪನ ಹಳೇ ಜೀಪಿಗೆ ಅಂತ ತಂದ ಎಂಡಿಐ, ಅಂದ್ರೆ ಮಹೀಂದ್ರದ ಡೀಸೆಲ್ ಇಂಜಿನ್, ಮಾರಿಬಿಟ್ಟೆ. ಕೂರಿಸಿ ಹನ್ನೊಂದೇ ದಿನಕ್ಕೆ ಇಳಿಸಿ ಮಾರಿದೆ. ಕೊಂಡಿದ್ದು 38 ಸಾವಿರಕ್ಕೆ, ಹೋಗಿದ್ದು 33ಕ್ಕೆ, ಹಾಸನದಿಂದ ತಂದ ಪಿಕಪ್ ಬಾಡಿಗೆ ಬೇರೆ. "ಜೀಪಿಗೆ ಎಂಡಿಐ ಬಿಟ್ಟು ಇನ್ನೇನು ಹಾಕ್ತೀಯಾ" ಅಂತ ಊರಿಡೀ ಹೇಳಿತ್ತು. ಅವರು ಹೇಳಿದ್ದು ತಪ್ಪೂ ಅಲ್ಲ. ನನ್ನ ಜೀಪಿಗೆ, ನನ್ನ ಕೆಲಸಕ್ಕೆ ಅದು ಸರಿಹೋಗಲಿಲ್ಲ ಅಷ್ಟೇ. ಯಾಕೆ ಅಂತ ಬರೆದಿಡ್ತೀನಿ, ಇದೇ ಲೆಕ್ಕದಲ್ಲಿ ತಲೆಕೆಡಿಸಿಕೊಂಡು ಕೂತಿರೋರು ನಮ್ಮ ಜಿಲ್ಲೆಯಲ್ಲೇ ಹತ್ತು ಜನ ಇರಬಹುದು.

ಜೀಪು ಅಪ್ಪನದು. ಮಹೀಂದ್ರ ಸಿಜೆ 3ಬಿ, ಗಿಡ್ಡ ಚಾಸಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮ ನಾಲ್ಕೆಕರೆ ಕಾಫಿ ತೋಟ, ಅಲ್ಲಿಗೆ ಗೊಬ್ಬರ, ಆಳುಗಳು, ಒಮ್ಮೊಮ್ಮೆ ಹಸುವಿನ ಕರು ಕೂಡ ಅದರಲ್ಲೇ ಬಂದಿವೆ. ಒರಿಜಿನಲ್ ಪೆಟ್ರೋಲ್ ಇಂಜಿನ್, ಹರಿಕೇನ್ ಅಂತಾರಲ್ಲ ಅದು, 2199 ಸಿಸಿ. ಅದರ ಕಟ್ಟಡವೇ ವಿಚಿತ್ರ. ಗಾಳಿ ಪೆಟ್ರೋಲ್ ಒಳಗೆ ಬಿಡೋ ವಾಲ್ವ್ ಮೇಲೆ, ಇಂಜಿನ್ನಿನ ಮುಚ್ಚಳವಾದ ಹೆಡ್‌ನಲ್ಲಿ, ಹೊಗೆ ಹೊರಗೆ ಬಿಡೋ ವಾಲ್ವ್ ಕೆಳಗೆ, ಸಿಲಿಂಡರ್ ಇರೋ ಬ್ಲಾಕ್‌ನಲ್ಲಿ. ಹಾಗಾಗಿ ಇಂಜಿನ್ ಎತ್ತರ. ಆ ಇಂಜಿನ್ ಹಿಡಿಸಲಿ ಅಂತಲೇ 3ಬಿ ಬಾನೆಟ್ಟನ್ನೂ ಎತ್ತರ ಮಾಡಿದ್ದು. ಹಳೇ ಮಿಲಿಟರಿ ಜೀಪಿನ ಪಕ್ಕ ನಿಲ್ಲಿಸಿದರೆ ಇದು ಪೇಟ ಸುತ್ತಿಕೊಂಡ ಹಾಗೆ ಕಾಣುತ್ತೆ. ನಮ್ಮದರ ಬ್ಲಾಕ್ ಎಕ್ಸಾಸ್ಟ್ ವಾಲ್ವ್ ಸೀಟಿನ ಹತ್ತಿರ ಬಿರುಕು ಬಿಟ್ಟಿತ್ತು. ಎರಡು ಸಲ ಬೆಸುಗೆ ಹಾಕಿಸಿದರು ಅಪ್ಪ. ಮೂರನೇ ಸಲ ಶೆಡ್ಡಿಗೆ ತಳ್ಳಿ ಟಾರ್ಪಾಲ್ ಮುಚ್ಚಿದರು.

ಈ ವರ್ಷ ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ, ಟಾರ್ಪಾಲ್ ತೆಗೆದೆ. ಒಳಗೆ ಇಲಿ ಗೂಡು, ಕೋಳಿ ಮೊಟ್ಟೆ, ಮತ್ತೆ ನಾನು ಹೈಸ್ಕೂಲಿನಲ್ಲಿ ಕಳೆದುಕೊಂಡಿದ್ದ ಜಾಮಿಟ್ರಿ ಬಾಕ್ಸು.

ನನಗೆ ಬೇಕಾಗಿದ್ದು ಗೊಬ್ಬರ ಹೊರೋ ಜೀಪಲ್ಲ. ಅದಕ್ಕೀಗ ಪಿಕಪ್ ಬಾಡಿಗೆಗೆ ಸಿಗುತ್ತೆ. ಬಾಗಿಲಿಲ್ಲದ, ಟಾಪ್ ಇಲ್ಲದ, ಮುಂದಿನ ಗ್ಲಾಸ್ ಬಾನೆಟ್ ಮೇಲೆ ಮಡಚಿ ಮಲಗಿಸಿ ಓಡಿಸೋ ಗಾಡಿ ಬೇಕಿತ್ತು. ಭಾನುವಾರ ಬೆಳಗ್ಗೆ ಬೇಲೂರು ದಾರಿಯಲ್ಲಿ ಹಾಸನಕ್ಕೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬೇಕು, ಒಂದು ಸಲ ಮುಳ್ಳಯ್ಯನಗಿರಿ ಏರಬೇಕು, ಅಷ್ಟು. ಇದನ್ನ ಮೊದಲೇ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ ಹನ್ನೊಂದು ದಿನ ಉಳಿಯುತ್ತಿತ್ತು.

ನನ್ನ ಮುಂದೆ ಇದ್ದ ಇಂಜಿನ್‌ಗಳು ಹೆಚ್ಚೇನಿಲ್ಲ. ಒಂದು, ಎಂಡಿಐ ಡೀಸೆಲ್. 2523 ಸಿಸಿ, ಮೂರೂವರೆ ಇಂಚಿನ ಬೋರು ಅಂದ್ರೆ ಸಿಲಿಂಡರಿನ ಅಗಲ, ನಾಲ್ಕು ಇಂಚಿನ ಸ್ಟ್ರೋಕು ಅಂದ್ರೆ ಪಿಸ್ಟನ್ ಓಡೋ ದೂರ. ಇಂಚಿನ ಲೆಕ್ಕ ಯಾಕೆ ಅಂದ್ರೆ ಅದರ ಮೂಲ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರ್ ಇಂಜಿನ್. ಟ್ರ್ಯಾಕ್ಟರ್ ಅಂಗಡಿಯಲ್ಲೇ ಸಾಮಾನು ಸಿಗುತ್ತೆ, ಯಾವ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ತಾನೆ. ಎರಡು, ಮಹೀಂದ್ರದ ಇನ್ನೊಂದು ಜೀಪು ಎಂಎಂ 540ರಲ್ಲಿ ಬರ್ತಿದ್ದ ಪೂಜೋ ಡೀಸೆಲ್, ಎಕ್ಸ್‌ಡಿಪಿ 4.90, ಅಂದ್ರೆ ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರು, 2112 ಸಿಸಿ. ಒಳ್ಳೇ ಇಂಜಿನ್, ಆದರೆ ನನಗೆ ತೋರಿಸಿದ ಎರಡಕ್ಕೂ ಹೆಡ್ ಹೋಗಿತ್ತು. ಮೂರು, ಅಂಬಾಸಿಡರ್ 1800ರ ಇಸುಜು ಪೆಟ್ರೋಲ್, 1817 ಸಿಸಿ. ಜಿಪ್ಸಿ ಇಂಜಿನ್ ಬಗ್ಗೆಯೂ ಯೋಚಿಸಿದ್ದೆ, 1298 ಸಿಸಿ, ಹಗುರ, ಚೆನ್ನಾಗಿ ತಿರುಗುತ್ತೆ. ಆದರೆ ಜಿಪ್ಸಿ ಇಟ್ಟುಕೊಂಡಿರೋರು ಅದನ್ನ ಮಾರೋದೇ ಇಲ್ಲ, ಮಾರಿದರೆ ಚಿನ್ನದ ರೇಟು.

ಎಂಡಿಐ ಹಾಸನದ ಗುಜರಿಯಲ್ಲಿ ಸಿಕ್ತು. ನೋಡಿದ ದಿನವೇ ಅಡ್ವಾನ್ಸ್ ಕೊಟ್ಟೆ. ದೊಡ್ಡ ಇಂಜಿನ್, ಜಾಸ್ತಿ ಎಳೆತ, ಕಡಿಮೆ ಖರ್ಚು. ಯೋಚಿಸೋಕೆ ಏನಿದೆ?

ಅವತ್ತೇ ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನು ಅಮೆರಿಕದಲ್ಲಿ, ಮಿಷಿಗನ್‌ನಲ್ಲಿದ್ದಾನೆ. ಅಲ್ಲಿ ಗ್ಯಾರೇಜಿನಲ್ಲಿ ಕಿಟ್ ತರಿಸಿ ಕೋಬ್ರಾ ರೋಡ್‌ಸ್ಟರ್, ಅಂದ್ರೆ ಟಾಪ್ ಇಲ್ಲದ ಸ್ಪೋರ್ಟ್ಸ್ ಕಾರು, ಕಟ್ತಿದ್ದಾನೆ. ಪೈಪ್ ಚಾಸಿ, ಫೈಬರ್ ಬಾಡಿ ಪೆಟ್ಟಿಗೆಯಲ್ಲಿ ಬರುತ್ತೆ, ಇಂಜಿನ್ ಗೇರ್ ಬಾಕ್ಸ್ ನಾವೇ ಹುಡುಕಿಕೊಳ್ಳಬೇಕು. "ಅಣ್ಣಾ, ಸ್ಮಾಲ್ ಬ್ಲಾಕ್ ಹಾಕ್ಲಾ, ಬಿಗ್ ಬ್ಲಾಕ್ ಹಾಕ್ಲಾ?" ಅಂದ. ನಾನು ಆಗಷ್ಟೇ ಎಂಡಿಐ ಕೊಂಡ ಹುರುಪಿನಲ್ಲಿದ್ದೆ. "ದೊಡ್ಡದೇ ಹಾಕೋ ಮಾರಾಯ, ಆಮೇಲೆ ಸಾಕಾಗಲ್ಲ ಅನ್ನೋಕಿಂತ" ಅಂದುಬಿಟ್ಟೆ.

ಹೇಳಿದ ಮೇಲೆ ಅದೇನು ಅಂತ ಓದಿದೆ. ಮೊದಲ ಆಶ್ಚರ್ಯ, ಸ್ಮಾಲ್ ಬ್ಲಾಕ್ ಬಿಗ್ ಬ್ಲಾಕ್ ಅನ್ನೋದು ಸಿಸಿ ಲೆಕ್ಕವೇ ಅಲ್ಲ. ಬ್ಲಾಕಿನ ಹೊರಗಿನ ಅಳತೆ, ಸಿಲಿಂಡರಿಂದ ಸಿಲಿಂಡರಿಗೆ ಇರೋ ಅಂತರ. ಷೆವರ್ಲೆಯ ಬಿಗ್ ಬ್ಲಾಕ್ 1965ರಲ್ಲಿ 396 ಘನ ಇಂಚು ಇತ್ತು, ಅದೇ ಕಂಪನಿಯ ಸ್ಮಾಲ್ ಬ್ಲಾಕ್ 1970ರಲ್ಲಿ 400 ಘನ ಇಂಚು ಆಯ್ತು. ಅಂದ್ರೆ ಚಿಕ್ಕದು ದೊಡ್ಡದಕ್ಕಿಂತ ದೊಡ್ಡದು! ಫೋರ್ಡ್‌ನಲ್ಲೂ ಹಾಗೇ, 302 ಅಂದ್ರೆ ಸುಮಾರು ಐದು ಲೀಟರ್. ಉದ್ದ ಸ್ಟ್ರೋಕಿನ ಕ್ರಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ದಂಡ, ಹಾಕಿದರೆ ಅದೇ ಬ್ಲಾಕಿನಲ್ಲಿ 347 ಮಾಡ್ತಾರೆ. ಸ್ವಲ್ಪ ಎತ್ತರದ 351 ವಿಂಡ್ಸರ್ ಬ್ಲಾಕಿನಲ್ಲಿ 427ರವರೆಗೂ ಹೋಗ್ತಾರೆ, ಅಂದ್ರೆ ಏಳು ಲೀಟರ್.

ಎರಡನೇದು ನನ್ನ ತಲೆಯಲ್ಲಿ ಕೂತುಬಿಡ್ತು. ಅಮೆರಿಕದ ರೇಸ್ ಡ್ರೈವರ್ ಕ್ಯಾರಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಯ ಪುಟ್ಟ ಕಾರಿಗೆ ಫೋರ್ಡ್‌ನ 260 ಸ್ಮಾಲ್ ಬ್ಲಾಕ್ ಹಾಕಿ ಕೋಬ್ರಾ ಮಾಡಿದ್ದು. ಆಮೇಲೆ 289 ಬಂತು. ಅಲ್ಲಿಯವರೆಗೂ ಚಾಸಿ ಹೆಚ್ಚುಕಮ್ಮಿ ಅದೇ, ಕೆಳಗೆ ನಮ್ಮ ಜೀಪಿನ ಹಾಗೆ ಪ್ಲೇಟ್ ಸ್ಪ್ರಿಂಗು, ಅಲ್ಲಿ ಮಾತ್ರ ಅಡ್ಡಲಾಗಿ ಕೂರಿಸಿದ್ದು. 1965ರಲ್ಲಿ 427 ಬಿಗ್ ಬ್ಲಾಕ್ ಹಾಕೋಕೆ ಹೊರಟಾಗ ಇಂಜಿನ್ ಮಾತ್ರ ಬದಲಿಸಿದರೆ ಸಾಲಲಿಲ್ಲ. ಮೂರು ಇಂಚಿನ ಚಾಸಿ ಪೈಪು ನಾಲ್ಕು ಇಂಚಾಯ್ತು, ಪ್ಲೇಟ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿದರು, ಬಾಡಿ ಅಗಲ ಮಾಡಿದರು. ಹೆಸರು ಅದೇ, ನೋಡೋಕೂ ಹತ್ತಿರ ಹತ್ತಿರ ಅದೇ, ಕೆಳಗಿನ ಗಾಡಿ ಬೇರೆ. ಕೋಬ್ರಾದ ಚಕ್ರದ ಅಂತರ 90 ಇಂಚು, ನನ್ನ ಜೀಪಿಗಿಂತ ಬರೀ ಹತ್ತು ಇಂಚು ಜಾಸ್ತಿ.

ಇದನ್ನ ಓದಿಯೂ ನಾನು ಎಂಡಿಐ ತಂದೆ. ಅಡ್ವಾನ್ಸ್ ಕೊಟ್ಟಿದ್ದೆನಲ್ಲ.

ಪಿಕಪ್‌ನಿಂದ ಇಳಿಸುವಾಗ ತೂಕ ನೋಡೋಣ ಅಂತ ಕಾಫಿ ಮೂಟೆ ತೂಗೋ ಸ್ಕೇಲ್ ಮೇಲೆ ಚೈನ್ ಪುಲ್ಲಿಯಿಂದ ನಿಧಾನಕ್ಕೆ ಕೂರಿಸಿದೆ. ಡೈನಮೋ, ಸ್ಟಾರ್ಟರ್, ಫ್ಲೈವೀಲ್ ಎಲ್ಲ ಸೇರಿ ಐದು ಮೂಟೆಗೆ ಸ್ವಲ್ಪ ಕಡಿಮೆ ಬಂತು. ನಮ್ಮ ಮೂಟೆ 50 ಕೆಜಿ. ಸ್ಕೇಲಿನ ತಟ್ಟೆ ಬಗ್ಗಿತು ಅಂತ ಅಮ್ಮ ಇವತ್ತಿಗೂ ಹೇಳ್ತಾರೆ, ಬಗ್ಗಿಲ್ಲ. ಆಮೇಲೆ ಇಸುಜು ತಂದಾಗ ಅದೇ ಸ್ಕೇಲಿನಲ್ಲಿ ತೂಗಿದೆ, ಮೂರು ಮೂಟೆ. ಎರಡು ಮೂಟೆ ವ್ಯತ್ಯಾಸ ಅಂದ್ರೆ ದಪ್ಪಗಿರೋ ಒಬ್ಬ ಆಳು ಹಗಲೂ ರಾತ್ರಿ ಬಾನೆಟ್ ಮೇಲೆ ಕೂತ ಹಾಗೆ. ಜೀಪಿನ ಪೂರ್ತಿ ಭಾರಕ್ಕೆ ಹೋಲಿಸಿದರೆ ಅದು ದೊಡ್ಡದಲ್ಲ. ಎಲ್ಲಿ ಕೂತಿದೆ ಅನ್ನೋದು ದೊಡ್ಡದು. ಎಲ್ಲವೂ ಮುಂದಿನ ಎರಡು ಪ್ಲೇಟ್ ಸೆಟ್ ಮೇಲೆ.

ಎಂಡಿಐ ಕೂರಿಸೋ ಕೆಲಸ ಸುಲಭ, ಅದನ್ನ ಒಪ್ಪಲೇಬೇಕು. ಜೀಪಿನ ಗೇರ್ ಬಾಕ್ಸಿಗೆ ಅದನ್ನ ಸೇರಿಸೋ ಹೌಸಿಂಗು, ಫೌಂಡೇಶನ್ ಬ್ರಾಕೆಟ್ಟು ಎಲ್ಲ ರೆಡಿ ಸಿಗುತ್ತೆ. ಚಿಕ್ಕಮಗಳೂರಿನ ನಮ್ಮ ಮೆಕ್ಯಾನಿಕ್ ಭಾಯ್ ಎರಡು ದಿನದಲ್ಲಿ ಕೂರಿಸಿ ಮೂರನೇ ದಿನ ಸ್ಟಾರ್ಟ್ ಮಾಡಿಬಿಟ್ಟರು. ಡೈರೆಕ್ಟ್ ಇಂಜೆಕ್ಷನ್ ಇಂಜಿನ್, ಮೊದಲು ಬಿಸಿ ಮಾಡೋ ಹೀಟರ್ ಪ್ಲಗ್ ಗೊಡವೆ ಇಲ್ಲ, ಬೆಳಗಿನ ಚಳಿಯಲ್ಲೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಗಡಗಡ ಶಬ್ದ ಕೇಳಿ ಪಕ್ಕದ ತೋಟದವರು "ಟ್ರ್ಯಾಕ್ಟರ್ ತಗೊಂಡ್ರಾ" ಅಂತ ಕೇಳಿಕೊಂಡು ಬಂದರು.

ಸಂಕಟ ಶುರುವಾಗಿದ್ದು ಅಳತೆ ಟೇಪು ಹಿಡಿದಾಗ. ಇಂಜಿನ್ ಇಲ್ಲದಾಗ ಮುಂದಿನ ಆಕ್ಸಲ್‌ಗೂ ಚಾಸಿಯ ರಬ್ಬರ್ ಸ್ಟಾಪ್‌ಗೂ ನಡುವೆ ನಾಲ್ಕು ಇಂಚು ಜಾಗ ಇತ್ತು. ಎಂಡಿಐ, ರೇಡಿಯೇಟರ್, ನೀರು, ಆಯಿಲ್ ಎಲ್ಲ ತುಂಬಿದ ಮೇಲೆ ಒಂದೂಕಾಲು ಇಂಚು. ತೋಟದ ಮಣ್ಣುದಾರಿಯಲ್ಲಿ ಮೊದಲ ಚರಂಡಿ ದಾಟಿದಾಗಲೇ ಢಣ್ ಅಂತ ಕೆಳಗೆ ಬಡಿಯಿತು. ಸ್ಟೀರಿಂಗ್ ನಿಂತಲ್ಲಿ ತಿರುಗಿಸೋಕೆ ಎರಡು ಕೈಯಲ್ಲ, ಎದೆಯೂ ಬೇಕು. ಭಾಯ್ ಹೇಳಿದರು, "ಎರಡು ಪ್ಲೇಟ್ ಜಾಸ್ತಿ ಹಾಕಿದ್ರೆ ಮುಗೀತು ಅಣ್ಣಾ." ಹಾಕಿದೆವು. ಬಡಿಯೋದು ನಿಂತಿತು, ಜೊತೆಗೆ ಸ್ಪ್ರಿಂಗೂ ನಿಂತಿತು. ಈಗ ಪ್ರತಿ ಕಲ್ಲೂ ನೇರ ಬೆನ್ನುಮೂಳೆಗೆ.

ಆದರೂ ಸಹಿಸಿಕೊಳ್ತಿದ್ದೆನೇನೋ. ಒಂದು ರಾತ್ರಿ ಗೇರ್ ಲೆಕ್ಕ ಹಾಕಿದ್ದೇ ತಪ್ಪಾಯ್ತು.

3ಬಿ ಆಕ್ಸಲ್ ರೇಶಿಯೋ 5.38. ಚಕ್ರ ಒಂದು ಸುತ್ತು ಬರೋಕೆ ಟಾಪ್ ಗೇರಿನಲ್ಲಿ ಇಂಜಿನ್ 5.38 ಸುತ್ತು ತಿರುಗಬೇಕು. ಟೈರ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಜೀಪು ತಳ್ಳಿ ನೋಡಿದೆ, 6.00-16 ಟೈರು, ಒಂದು ಸುತ್ತಿಗೆ 2 ಮೀಟರ್ 20 ಸೆಂಟಿಮೀಟರ್ ಹೋಯ್ತು. ಗಂಟೆಗೆ 60 ಕಿಲೋಮೀಟರ್ ಅಂದ್ರೆ ನಿಮಿಷಕ್ಕೆ ಸಾವಿರ ಮೀಟರ್. ಸಾವಿರವನ್ನ 2.2ರಿಂದ ಭಾಗಿಸಿ, 5.38ರಿಂದ ಗುಣಿಸಿದರೆ 2445. ಅಂದ್ರೆ 60ರಲ್ಲಿ ಹೋಗೋಕೆ ಇಂಜಿನ್ 2445 ಆರ್‌ಪಿಎಂ ತಿರುಗಬೇಕು. ನನ್ನ ಎಂಡಿಐ 3200 ಮಾಡೆಲ್, ಆ 3200 ಅಂದ್ರೆ ಅದರ ಕೊನೇ ಆರ್‌ಪಿಎಂ. ಅಲ್ಲಿಗೆ ಪೂರ್ತಿ ಒತ್ತಿದರೂ 78ರ ಆಸುಪಾಸು, ಅದಕ್ಕಿಂತ ಒಂದು ಕಿಲೋಮೀಟರ್ ಮೇಲೆ ಹೋಗಲ್ಲ. 60ರಲ್ಲೇ ಅದು ತನ್ನ ಕೊನೇ ಆರ್‌ಪಿಎಂನ ಮುಕ್ಕಾಲು ಭಾಗ ತಿರುಗಿ ಕೂಗ್ತಿರುತ್ತೆ. ಲೆಕ್ಕ ಸುಳ್ಳಿರಬಹುದು ಅಂತ ಮಾರನೇ ದಿನ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ 2400ಕ್ಕೆ ಹಿಡಿದೆ. ಕನ್ನಡಿಯಲ್ಲಿ ನನ್ನ ಮುಖ ನಾಲ್ಕಾಗಿ ಕಂಡಿತು. ಡ್ಯಾಶ್ ಮೇಲಿಟ್ಟಿದ್ದ ಟೀ ಲೋಟ ನಡೆದುಕೊಂಡು ಹೋಗಿ ಬಿತ್ತು. ಹೀಗೆ ಹಾಸನದವರೆಗೆ?

ಇದಕ್ಕೂ ದಾರಿ ಇದೆ. ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಗೇರ್ ಜೋಡಿ ಬದಲಿಸಬೇಕು. ಫೋರ್ ವೀಲ್ ಜೀಪಲ್ಲಿ ಹಿಂದೆ ಬದಲಿಸಿದರೆ ಮುಂದೂ ಬದಲಿಸಬೇಕು, ಇಲ್ಲದಿದ್ದರೆ ಎರಡು ಆಕ್ಸಲ್ ಜಗಳವಾಡಿ ಗೇರ್ ಬಾಕ್ಸ್ ಮುರಿಯುತ್ತೆ. ಸ್ಪೀಡ್ ಜಾಸ್ತಿಯಾದರೆ 9 ಇಂಚಿನ ಹಳೇ ಡ್ರಮ್ ಬ್ರೇಕ್ ಸಾಲದು. ಭಾರ ಜಾಸ್ತಿ ಅಂತ ಸ್ಟೀರಿಂಗ್ ಬಾಕ್ಸ್ ಬದಲಿಸಬೇಕು. ಶೆಲ್ಬಿಯವರು ಚಾಸಿ ಪೈಪ್ ನಾಲ್ಕು ಇಂಚು ಮಾಡಿದ್ದು ಆ ಕ್ಷಣ ಪೂರ್ತಿ ಅರ್ಥವಾಯ್ತು. ಅವರ ಹಿಂದೆ ಫೋರ್ಡ್ ಕಂಪನಿ ಇತ್ತು. ನನ್ನ ಹಿಂದೆ ಇದ್ದಿದ್ದು ಸೊಸೈಟಿ ಸಾಲ.

ಹನ್ನೊಂದನೇ ದಿನ ಚೈನ್ ಪುಲ್ಲಿ ಮತ್ತೆ ಕಟ್ಟಿದೆ.

ಇಸುಜು ಲೆಕ್ಕ ಹೀಗೆ. ಅದೇ 60ಕ್ಕೆ ಅದೇ 2445 ಆರ್‌ಪಿಎಂ, ಆದರೆ ಇದಕ್ಕೆ ಅದು ನಡೆದಾಡಿದ ಹಾಗೆ, 4500ಕ್ಕೂ ಆರಾಮಾಗಿ ಹೋಗುತ್ತೆ. ಅಂದ್ರೆ ಲೆಕ್ಕದ ಮೇಲೆ 110. ಆ ಜೀಪಿನಲ್ಲಿ 110 ಹೋಗೋನು ಹುಚ್ಚ, ಆದರೆ ಅರ್ಧ ದಮ್ಮಿನಲ್ಲಿ 60 ಹೋಗಬಹುದು ಅನ್ನೋದೇ ನನಗೆ ಬೇಕಾಗಿದ್ದು. ಇಷ್ಟು ದೊಡ್ಡ ಅಂಕಿಯ ಆಕ್ಸಲ್ ರೇಶಿಯೋ ತಿರುಗೋ ಪೆಟ್ರೋಲ್ ಇಂಜಿನ್‌ಗೇ ಅಂತ ಮಾಡಿದ್ದು. ಏರಿನಲ್ಲಿ ಎಳೆತ ಸಾಲುತ್ತಾ ಅಂತ ಭಾಯ್‌ಗೆ ಅನುಮಾನ. ಒಂದನೇ ಗೇರ್ 2.8, ಲೋ ಗೇರ್ ಎರಡೂವರೆಗೆ ಸ್ವಲ್ಪ ಕಡಿಮೆ, ಆಕ್ಸಲ್ 5.38, ಮೂರನ್ನೂ ಗುಣಿಸಿದರೆ ಸುಮಾರು 37. ಇಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಅಷ್ಟಿದ್ದರೆ ಗೋಡೆ ಹತ್ತದಿದ್ದರೂ ನಮ್ಮ ತೋಟದ ಏರು ಹತ್ತುತ್ತೆ. ನಮ್ಮೂರು ಸಾವಿರ ಮೀಟರ್ ಎತ್ತರದಲ್ಲಿದೆ, ಟರ್ಬೋ ಇಲ್ಲದ ಇಂಜಿನ್ ಪ್ರತಿ ನೂರು ಮೀಟರ್‌ಗೆ ಹೆಚ್ಚುಕಮ್ಮಿ ನೂರಕ್ಕೆ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ಅದು ಎರಡಕ್ಕೂ ಒಂದೇ, ಹಾಗಾಗಿ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಗುಜರಿಗೆ ಹೋಗ್ತಿದ್ದ ಒಂದು ಅಂಬಾಸಿಡರ್‌ನಿಂದ ಇಂಜಿನ್ ಸಿಕ್ತು, 22 ಸಾವಿರ. ಬಿಲ್ಲು, ಆ ಕಾರಿನ ಆರ್‌ಸಿ ರದ್ದಾದ ಕಾಗದದ ಕಾಪಿ ಎರಡೂ ತಗೊಂಡೆ. ಇಂಜಿನ್ ಕೊಳ್ಳುವಾಗ ಇದನ್ನ ಬಿಡಬೇಡಿ. ನಂಬರ್ ಎಲ್ಲಿಂದ ಬಂತು ಅಂತ ಹೇಳೋಕೆ ಕಾಗದ ಇಲ್ಲದ ಇಂಜಿನ್ ಬರೀ ಕಬ್ಬಿಣ.

ಈಗ ನಿಜವಾದ ಕೆಲಸ. ಇಸುಜು ಹಿಂಭಾಗದ ಬೋಲ್ಟ್ ತೂತುಗಳಿಗೂ ಜೀಪಿನ ಹೌಸಿಂಗ್ ತೂತುಗಳಿಗೂ ಸಂಬಂಧವೇ ಇಲ್ಲ. ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ಹಾಸನದಲ್ಲಿ ಒಬ್ಬರು ಹಿರಿಯ ಲೇತ್ ಮೇಸ್ತ್ರಿ ಇದ್ದಾರೆ, ಅವರ ಹತ್ತಿರ ಹೋದೆ. 12 ಮಿಲಿಮೀಟರ್ ದಪ್ಪದ ಎಂಎಸ್, ಅಂದ್ರೆ ಸಾದಾ ಉಕ್ಕಿನ ಪ್ಲೇಟು. ಒಂದು ಕಡೆ ಇಂಜಿನ್ ತೂತುಗಳು, ಇನ್ನೊಂದು ಕಡೆ ಹೌಸಿಂಗ್ ತೂತುಗಳು, ಸ್ಟಾರ್ಟರ್ ಮೋಟರ್ ಕೂರೋ ಜಾಗವೂ ಅದರಲ್ಲೇ. ಕಾರ್ಡ್‌ಬೋರ್ಡ್ ಒತ್ತಿ ಗ್ರೀಸ್ ಗುರುತು ತಗೊಂಡು ನಾನೊಂದು ಮಾದರಿ ಮಾಡಿಕೊಂಡು ಹೋಗಿದ್ದೆ. ಮೇಸ್ತ್ರಿ ಅದನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದು ತಟ್ಟೆ ಮುಚ್ಚೋಕೆ ಆಗುತ್ತೆ ಸ್ವಾಮಿ, ಬ್ಲಾಕು ತನ್ನಿ" ಅಂದರು. ಇಂಜಿನ್ನು ಹೌಸಿಂಗು ಎರಡನ್ನೂ ಪಿಕಪ್‌ನಲ್ಲಿ ಹೊತ್ತುಕೊಂಡು ಮತ್ತೆ ಹೋದೆ.

ಪ್ಲೇಟ್ ಬೋಲ್ಟ್ ಆಗೋದು ದೊಡ್ಡ ವಿಷಯ ಅಲ್ಲ. ಕ್ರಾಂಕಿನ ನಡುವೂ ಗೇರ್ ಬಾಕ್ಸ್ ಶಾಫ್ಟಿನ ನಡುವೂ ಒಂದೇ ಗೆರೆಯಲ್ಲಿ ಇರಬೇಕು, ಅದು ದೊಡ್ಡ ವಿಷಯ. ಇಲ್ಲದಿದ್ದರೆ ಕ್ಲಚ್ ಬಿಡುವಾಗ ಜೀಪು ನಡುಗುತ್ತೆ, ಟಾಪ್ ಗೇರ್ ತಾನಾಗಿ ಹಾರುತ್ತೆ, ಕೊನೆಗೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಹೋಗುತ್ತೆ. ಮೇಸ್ತ್ರಿ ಫ್ಲೈವೀಲಿಗೆ ಸಣ್ಣ ವ್ಯತ್ಯಾಸವನ್ನೂ ಅಳೆಯೋ ಡಯಲ್ ಗೇಜ್ ಅಂಟಿಸಿದರು, ಅದರ ಮುಳ್ಳು ಹೌಸಿಂಗ್ ನಡುವಿನ ದುಂಡು ತೂತಿನ ಅಂಚಿಗೆ ತಾಗಿರುತ್ತೆ. ಕ್ರಾಂಕ್ ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರು. ಮುಳ್ಳು 0.42 ಮಿಲಿಮೀಟರ್ ಆಡಿತು. ನನಗೆ ಅದು ಕೂದಲೆಳೆ ಅನ್ನಿಸ್ತು. ಅವರು ತಲೆ ಆಡಿಸಿದರು. ಮುಳ್ಳು ಆಡಿದ್ದರ ಅರ್ಧ ನಡು ತಪ್ಪಿದೆ ಅಂತ ಲೆಕ್ಕ, ಅಂದ್ರೆ 0.21. ಮುಳ್ಳಿನ ಆಟ 0.13ರ ಒಳಗೆ ಬರಬೇಕು. ಬೋಲ್ಟ್ ಸಡಿಲ ಮಾಡಿದರು, ಮರದ ಸುತ್ತಿಗೆಯಲ್ಲಿ ಹೌಸಿಂಗಿಗೆ ಒಂದು ಟಕ್, ಬಿಗಿ, ತಿರುಗಿಸು, ನೋಡು. ಮತ್ತೆ ಸಡಿಲ, ಇನ್ನೊಂದು ಕಡೆಯಿಂದ ಟಕ್. ನಾನು ಎರಡು ಸಲ ಕಾಫಿ ಕುಡಿದು ಬಂದೆ. ಸಂಜೆ ಐದಕ್ಕೆ ಮುಳ್ಳು 0.09ರಲ್ಲಿ ನಿಂತಿತು. ಆಗ ಪ್ಲೇಟನ್ನೂ ಹೌಸಿಂಗನ್ನೂ ಒಟ್ಟಿಗೇ ಕೊರೆದು ಎರಡು ಡೋವೆಲ್ ಪಿನ್ ಹೊಡೆದರು. ಇನ್ನು ಎಷ್ಟು ಸಲ ಬಿಚ್ಚಿದರೂ ಅದೇ ಜಾಗಕ್ಕೆ ಬಂದು ಕೂರುತ್ತೆ. ಆ ಪಿನ್ ಹೊಡೆದ ಶಬ್ದ ಈಗಲೂ ಕಿವಿಯಲ್ಲಿದೆ.

ನಾನು ಮಾಡಿದ ತಪ್ಪು ಒಂದು ಉಳಿದಿತ್ತು. 12 ಮಿಲಿಮೀಟರ್ ಪ್ಲೇಟ್ ಸೇರಿದ ಮೇಲೆ ಗೇರ್ ಬಾಕ್ಸ್ ಅಷ್ಟು ಹಿಂದಕ್ಕೆ ಹೋಗುತ್ತಲ್ವಾ, ಶಾಫ್ಟಿನ ಮೂತಿ ಕ್ರಾಂಕಿನಲ್ಲಿ ಅದನ್ನ ಹಿಡಿಯೋ ಬುಷ್ ಒಳಗೆ ಆರು ಮಿಲಿಮೀಟರ್ ಮಾತ್ರ ಹೋಗ್ತಿತ್ತು. ಇದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೇಸ್ತ್ರಿ ಬೈಯಲಿಲ್ಲ, ಗನ್‌ಮೆಟಲ್ ತುಂಡು ತೆಗೆದು ಟೋಪಿ ಆಕಾರದ ಬುಷ್ ತಿರುಗಿಸಿಕೊಟ್ಟರು, ಕ್ರಾಂಕಿನಿಂದ ಹೊರಕ್ಕೆ ಚಾಚಿಕೊಂಡು ಶಾಫ್ಟನ್ನ ಹಿಡಿಯೋ ಹಾಗೆ. ಕ್ಲಚ್ ಪ್ಲೇಟ್‌ಗೂ ಅದೇ ಕತೆ, ಇಸುಜು ಪ್ಲೇಟಿನ ನಡುವಿನ ಹಲ್ಲಿನ ಭಾಗ ತೆಗೆದು ಜೀಪ್ ಪ್ಲೇಟಿನದನ್ನ ರಿವೆಟ್ ಹೊಡೆದೆವು. ಪ್ಲೇಟು, ಬುಷ್ಷು, ರಿವೆಟ್ಟು ಎಲ್ಲ ಸೇರಿ 7,200 ರೂಪಾಯಿ.

ಇಂಜಿನ್ ಕೆಳಗಿನ ಆಯಿಲ್ ಚೇಂಬರ್, ಮುಂದಿನ ಆಕ್ಸಲ್ ಗೇರ್ ಇರೋ ಗುಂಡು ಅಂದ್ರೆ ಡಿಫರೆನ್ಷಿಯಲ್‌ಗೆ ತಾಗುತ್ತಾ ನೋಡೋಕೆ ಅಮ್ಮನ ಹತ್ತಿರ ಚಪಾತಿ ಹಿಟ್ಟು ಕೇಳಿದೆ. ಡಿಫರೆನ್ಷಿಯಲ್ ಮೇಲೆ ಒಂದು ಉಂಡೆ ಅಂಟಿಸಿ, ಮುಂದಿನ ಬಂಪರ್ ಮೇಲೆ ನಾಲ್ಕು ಜನ ನಿಂತು ಕುಪ್ಪಳಿಸಿದೆವು. ಉಂಡೆ ಚಪ್ಪಟೆಯಾಗಿ ಅರ್ಧ ಇಂಚು ಉಳಿದಿತ್ತು. ಸಾಕು. ಹೆಚ್ಚಿಗೆ ಹಾಕಿದ್ದ ಎರಡು ಪ್ಲೇಟ್ ತೆಗೆದು ಸ್ಪ್ರಿಂಗ್ ಹಳೇ ಸ್ಥಿತಿಗೆ ತಂದೆ. ಟೇಪ್ ಹಿಡಿದರೆ ಎರಡೂಮುಕ್ಕಾಲು ಇಂಚು ಜಾಗ.

ಮೊದಲ ಸ್ಟಾರ್ಟ್ ದಿನ ಸಿಲಿಂಡರುಗಳಿಗೆ ಕಿಡಿಯ ಕರೆಂಟ್ ಹಂಚೋ ಡೆಲ್ಕೋ ತಿರುಗುಮುರುಗು ಕೂರಿಸಿದ್ದೆ. ಒಂದನೇ ಸಿಲಿಂಡರ್ ಮೇಲೆ ಬಂದಾಗ ಎರಡೂ ವಾಲ್ವ್ ಮುಚ್ಚಿದೆಯಾ ಅಂತ ನೋಡಬೇಕು, ನಾನು ಪಿಸ್ಟನ್ ಮೇಲೆ ಬಂತು ಅಂತಷ್ಟೇ ನೋಡಿದ್ದೆ. ಸೆಲ್ಫ್ ಹೊಡೆದ ತಕ್ಷಣ ಕಾರ್ಬೊರೇಟರ್‌ನಿಂದ ಢಮಾರ್ ಅಂತ ಬೆಂಕಿ. ಕೋಳಿಗಳು ಮೂರು ದಿನ ಶೆಡ್ಡಿನ ಕಡೆ ಬರಲಿಲ್ಲ. ಹುಬ್ಬು ಸ್ವಲ್ಪ ಸುಟ್ಟಿತು, ನನ್ನದೇ. ಡೆಲ್ಕೋ ಅರ್ಧ ಸುತ್ತು ತಿರುಗಿಸಿ, ವೈರುಗಳನ್ನ 1-3-4-2 ಸರಿಯಾಗಿ ಹಾಕಿ ಮತ್ತೆ ಹೊಡೆದೆ. ಎದ್ದಿತು. ಆಮೇಲೆ ಟೀ ಲೋಟ ಡ್ಯಾಶ್ ಮೇಲಿಟ್ಟು 2400ಕ್ಕೆ ಹಿಡಿದೆ. ಲೋಟದಲ್ಲಿ ಸಣ್ಣ ಅಲೆ ಬಂತು, ಲೋಟ ಜಾಗ ಬಿಡಲಿಲ್ಲ.

ತೋಟದ ಒಳಗೇ ಒಂದು ತಿಂಗಳಿನಿಂದ ಓಡಿಸ್ತಿದ್ದೇನೆ. ಸ್ಟೀರಿಂಗ್ ಒಂದು ಕೈಯಲ್ಲಿ ತಿರುಗುತ್ತೆ. ಏರು ಹತ್ತುತ್ತೆ, ಆದರೆ ಎಂಡಿಐ ಹಾಗೆ ಕಾಲು ತೆಗೆದರೂ ಗೊಣಗಿಕೊಂಡು ಹತ್ತಲ್ಲ, ಇದಕ್ಕೆ ಆಕ್ಸಿಲರೇಟರ್ ಮೇಲೆ ಕಾಲು ಇರಲೇಬೇಕು. ಇಳಿಜಾರಿನಲ್ಲೂ ಡೀಸೆಲ್ ಹಿಡಿದ ಹಾಗೆ ಇದು ಹಿಡಿಯಲ್ಲ, ಬ್ರೇಕ್ ಜಾಸ್ತಿ ಕೇಳುತ್ತೆ. ಇನ್ನೊಂದು, ಜುಲೈ ಮಳೆ ಶುರುವಾದ ವಾರವೇ ಹಳ್ಳ ದಾಟುವಾಗ ಡೆಲ್ಕೋ ಒಳಗೆ ನೀರು ಹೋಗಿ ನಡುನೀರಲ್ಲಿ ನಿಂತಿತು. ಡೀಸೆಲ್ ಆಗಿದ್ದರೆ ನಿಲ್ಲುತ್ತಿರಲಿಲ್ಲ, ಅದಕ್ಕೆ ಕರೆಂಟೇ ಬೇಕಿಲ್ಲ. ಪಂಚೆ ಎತ್ತಿ ಕಟ್ಟಿ ಇಳಿದು, ಕ್ಯಾಪ್ ಒರೆಸಿ, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೆ. ಅವತ್ತಿನಿಂದ ತೊಂದರೆ ಇಲ್ಲ. ಆದರೆ ಯಾರಾದರೂ ದಿನಾ ಆಳು, ಗೊಬ್ಬರ, ಮರದ ದಿಮ್ಮಿ ಎಳೆಯೋ ಜೀಪಿಗೆ ಕೇಳಿದರೆ, ನಾನು ಎಂಡಿಐ ಹಾಕಿಸಿ ಅಂತಲೇ ಹೇಳ್ತೀನಿ. ನನ್ನ ಎಂಡಿಐ ಕೊಂಡವರೂ ಅದೇ ಕೆಲಸಕ್ಕೆ ಕೊಂಡಿದ್ದು, ಅವರದು ಉದ್ದ ಚಾಸಿ, ಅವರಿಗೆ ಸಕತ್ ಖುಷಿ.

ರೋಡಿಗೆ ಇನ್ನೂ ಇಳಿಸಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಯಲ್ಲಿ ಇರೋದಕ್ಕೂ ವ್ಯತ್ಯಾಸ ಬರಬಾರದು, ಇಂಜಿನ್ ಬದಲಿಸಿದರೆ ಒಪ್ಪಿಗೆ ಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ವಿವರ ಬದಲಿಸೋದರ ಬಗ್ಗೆ ಬಿಗಿಯಾಗೇ ಹೇಳಿದೆ. ಬಿಚ್ಚೋಕೆ ಮೊದಲೇ ಕೇಳಬೇಕಿತ್ತು, ನಾನು ಆಮೇಲೆ ಕೇಳಿದೆ, ನೀವು ಹಾಗೆ ಮಾಡಬೇಡಿ. ಪೆಟ್ರೋಲ್ ಜಾಗಕ್ಕೆ ಪೆಟ್ರೋಲೇ ಬಂದಿರೋದರಿಂದ ಇಂಧನದ ಕಾಲಂ ಮುಟ್ಟಬೇಕಿಲ್ಲ ಅನ್ನೋದೊಂದು ಧೈರ್ಯ. ಅರ್ಜಿ ಕೊಟ್ಟಿದ್ದೇನೆ. ಒಪ್ಪಿಗೆ ಬರದಿದ್ದರೆ ಹಾಸನ, ಮುಳ್ಳಯ್ಯನಗಿರಿ ಎಲ್ಲ ನಮ್ಮ ನಾಲ್ಕೆಕರೆಯೇ.

ಅಮೆರಿಕದ ತಮ್ಮನಿಗೆ ಫೋನ್ ಮಾಡಿ ಅವತ್ತು ಹೇಳಿದ್ದನ್ನ ವಾಪಸ್ ತಗೊಂಡೆ. ಫೋರ್ಡ್ 302ರ ತೂಕ 210 ಕೆಜಿ ಆಸುಪಾಸು, ಹಳೇ 427 ಅದಕ್ಕಿಂತ ಒಂದೂವರೆ ಮೂಟೆಯಾದರೂ ಜಾಸ್ತಿ, ನಿನ್ನ ಕಿಟ್‌ನ ಚಾಸಿ ಯಾವುದಕ್ಕೆ ಅಂತ ಕಟ್ಟಿದ್ದಾರೆ ಅದನ್ನ ಮೊದಲು ಕೇಳು ಅಂದೆ. ಅವನು ನಕ್ಕ. "ನೀನು ಎಂಡಿಐ ಮಾರಿದ್ದು ಚಿಕ್ಕಮ್ಮ ಹೇಳಿದ್ರು ಅಣ್ಣಾ. ನಾನು ಹೋದ ವಾರವೇ 347 ಸ್ಮಾಲ್ ಬ್ಲಾಕ್ ಆರ್ಡರ್ ಮಾಡಿದೆ."

ಈಗ ಮುಂದಿನ ಎಡಗಡೆ ಚಕ್ರದ ಬ್ರೇಕ್ ಸಿಲಿಂಡರ್ ಸೋರುತ್ತಿದೆ. ಅದರ ರಿಪೇರಿ ಕಿಟ್ ಬರೋಕೆ ಶನಿವಾರ ಆಗುತ್ತಂತೆ.